ಪೋಖರಾದಲ್ಲಿ ಸಿಕ್ಕ ರಾಗಿ ಮುದ್ದೆ

ನೇಪಾಳದ ಕಾಠ್ಮಂಡುವಿನಿಂದ ಪೋಖರಾಕ್ಕೆ 200 ಕಿಲೋಮೀಟರ್. ಬೆಂಗಳೂರಿನಿಂದ ಹೊರಟು ಹಾಸನ ದಾಟಿದಷ್ಟು ದೂರ. ಅಷ್ಟಕ್ಕೆ ನಮಗೆ 11 ಗಂಟೆ ಹಿಡಿಯಿತು. ಅಮ್ಮನಿಗೆ 67 ವರ್ಷ, ಮಂಡಿನೋವು ಬೇರೆ. ಅವರಿಗಾಗಿಯೇ ಹೆಚ್ಚು ಹಣ ಕೊಟ್ಟು, ಅಲ್ಲಿನವರು ಸೋಫಾ ಬಸ್ ಎಂದು ಕರೆಯುವ ಅಗಲ ಆಸನದ ಗಾಡಿಗೆ ಕಾಠ್ಮಂಡುವಿನ ಪ್ರವಾಸಿಗರ ಬಡಾವಣೆ ಥಮೇಲ್‌ನ ಏಜೆಂಟರೊಬ್ಬರ ಬಳಿ ಟಿಕೆಟ್ ತೆಗೆದಿದ್ದೆ. ಬೆಳಿಗ್ಗೆ ಬಂದು ನಿಂತದ್ದು ಬೇರೆಯೇ ಬಸ್ಸು. ಹಿಂದಕ್ಕೆ ಬಾಗದ ಆಸನ, ಅದೂ ಹಿಂಬದಿ ಚಕ್ರದ ನೆತ್ತಿಯ ಮೇಲೆ. ಹಣದ ವ್ಯತ್ಯಾಸ ಕೇಳಿದರೆ ನಿರ್ವಾಹಕರು ಏಜೆಂಟರನ್ನು ಕೇಳಿ ಎಂದರು. ಏಜೆಂಟರು ಆ ದಿನವಿಡೀ ಫೋನು ಎತ್ತಲಿಲ್ಲ.

ನಡುದಾರಿಯ ಮುಗ್ಲಿಂಗ್ ಊರಿನ ತನಕ ತ್ರಿಶೂಲಿ ನದಿಯನ್ನು ನೋಡುತ್ತ ಹೇಗೋ ಕಳೆಯಿತು. ಅಲ್ಲಿಂದ ಮುಂದೆ ರಸ್ತೆ ಅಗಲೀಕರಣದ ಕೆಲಸ, ಅಗೆದ ಮಣ್ಣು, ಎದುರಿಗೆ ಲಾರಿಗಳ ಸಾಲು. ಒಂದು ಕಡೆ ಒಂದೂವರೆ ಗಂಟೆ ಅಲ್ಲಾಡದೆ ನಿಂತೆವು. ಅಮ್ಮ ದೂರಲಿಲ್ಲ, ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಳಿತಿದ್ದರು. ಅವರು ದೂರಿದ್ದರೆ ನನ್ನ ಸಂಕಟ ಸ್ವಲ್ಪವಾದರೂ ಇಳಿಯುತ್ತಿತ್ತು. ಆದ್ದರಿಂದ ಹೇಳುತ್ತೇನೆ: ಟಿಕೆಟ್ ತೆಗೆಯುವಾಗ ಬಸ್ಸಿನ ಹೆಸರು, ಆಸನದ ಸಂಖ್ಯೆ ಎರಡನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ, ಬಲಗಡೆಯ ಕಿಟಕಿ ಕೇಳಿ. ವಯಸ್ಸಾದವರು ಜೊತೆಗಿದ್ದರೆ ಬಸ್ಸಿನ ಯೋಚನೆಯನ್ನೇ ಬಿಡಿ.

ಎರಡನೆಯ ಪೆಟ್ಟು ಕೋಣೆಯದು. ಫೇವಾ ಸರೋವರ ಕಾಣುವ ಕೋಣೆ ಎಂದು ಮುಂಗಡ ಕೊಟ್ಟಿದ್ದೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ನೀರಿನ ತೊಟ್ಟಿ. ಮರುದಿನವೇ ಹಿಂದಿನ ಓಣಿಗೆ ಬಂದೆವು. ಅರ್ಧಕ್ಕಿಂತ ಕಡಿಮೆ ಬಾಡಿಗೆ, ಉತ್ತರಕ್ಕೆ ತೆರೆದ ಮಹಡಿ. ಹಿಮಶಿಖರಗಳಿರುವುದು ಉತ್ತರದಲ್ಲಿ. ಸರೋವರ ಕಾಣುವ ಕೋಣೆಯಿಂದ ಪರ್ವತವೂ ಕಾಣುತ್ತದೆ ಎಂದು ನಂಬಿ ದುಡ್ಡು ಸುರಿಯಬೇಡಿ.

ಆ ಮಹಡಿಯ ಮೇಲೆ ಬೆಳಗಿನ ಆರು ಗಂಟೆಗೆ ಮಾಛಾಪುಛ್ರೆ ಶಿಖರವನ್ನು ಮೊದಲ ಸಲ ಕಂಡೆ. ಮೀನಿನ ಬಾಲ ಎಂದು ಹೆಸರಿನ ಅರ್ಥ, ಆದರೆ ಪೋಖರಾದಿಂದ ಕಾಣುವುದು ಒಂದೇ ಚೂಪು ಕೋಡು; ಎರಡು ತುದಿಗಳು ತೋರಬೇಕಾದರೆ ಬೆಟ್ಟಗಳ ಒಳಗೆ ಸುತ್ತಿ ಪಕ್ಕದಿಂದ ನೋಡಬೇಕು. ಎತ್ತರ 6993 ಮೀಟರ್. 1957ರಲ್ಲಿ ಬ್ರಿಟಿಷ್ ತಂಡವೊಂದು ನೆತ್ತಿಗೆ ಸ್ವಲ್ಪವೇ ಕೆಳಗೆ ನಿಂತು ಹಿಂದಿರುಗಿತು. ಪವಿತ್ರ ಪರ್ವತವೆಂದು ಆಮೇಲೆ ಹತ್ತಲು ಅನುಮತಿಯನ್ನೇ ಕೊಡುತ್ತಿಲ್ಲ. ಮನುಷ್ಯರು ತುಳಿಯದ ಒಂದು ನೆತ್ತಿಯನ್ನು ಹಾಗೆಯೇ ಬಿಟ್ಟಿರುವುದು ನನಗೆ ಬಹಳ ಹಿಡಿಸಿತು.

ಎಲ್ಲರೂ ಊರ ಪಕ್ಕದ ಸಾರಂಗಕೋಟ ಗುಡ್ಡದ ಸೂರ್ಯೋದಯಕ್ಕೆ ನಾಲ್ಕೂವರೆಗೆ ಟ್ಯಾಕ್ಸಿ ಹಿಡಿಯುತ್ತಾರೆ. ನಾನೂ ಹಿಡಿದೆ. ಕಂಡದ್ದು ಹೆಚ್ಚಾಗಿ ಎತ್ತಿ ಹಿಡಿದ ಮೊಬೈಲುಗಳು. ಜನಜಂಗುಳಿ ನನಗೆ ಆಗುವುದಿಲ್ಲ. ನಿಮಗೆ ತೊಂದರೆಯಿಲ್ಲದಿದ್ದರೆ ಹೋಗಿ, ಧವಳಗಿರಿಯಿಂದ ಅನ್ನಪೂರ್ಣದ ಸಾಲಿನವರೆಗೆ ಬೆಳಕು ಹರಿಯುವುದು ನಿಜಕ್ಕೂ ದೊಡ್ಡ ನೋಟ. ಎಂಟು ಗಂಟೆಯ ಮೇಲೆ ಹೋದರೂ ಕಾರ್ತಿಕ ಮಾಸದಲ್ಲಿ ಶಿಖರಗಳು ಅಲ್ಲೇ ಇರುತ್ತವೆ, ಜನ ಮಾತ್ರ ಇಳಿದು ಹೋಗಿರುತ್ತಾರೆ.

ಇನ್ನು ಊಟದ ವಿಷಯ. ಹಿಂದಿನ ಓಣಿಯ ತುದಿಯಲ್ಲಿ ನಾಲ್ಕೇ ಮೇಜುಗಳ, ಥಕಾಲಿ ಎಂಬ ಬೆಟ್ಟದ ಸಮುದಾಯದ ಅಡುಗೆಯ ಒಂದು ಊಟದ ಮನೆ. ಢಿಂಡೋ ಇದೆ ಎಂದರು. ಏನೆಂದು ಒಳಗೆ ಹೋಗಿ ನೋಡಿದರೆ, ಒಲೆಯ ಮುಂದೆ ಕುಳಿತ ಹೆಂಗಸು ಕುದಿಯುವ ನೀರಿಗೆ ಕಪ್ಪು ಹಿಟ್ಟು ಹಾಕಿ ಮರದ ಸಟ್ಟುಗದಿಂದ ತಿರುವುತ್ತಿದ್ದಾರೆ. ಅಮ್ಮ ಹಿಟ್ಟನ್ನು ಚಿಟಿಕೆಯಲ್ಲಿ ಹಿಡಿದು ಮೂಸಿ, "ಇದು ನಮ್ಮ ರಾಗಿ" ಎಂದರು. ಹೌದು, ನೇಪಾಳಿಗರು ಕೋದೋ ಎನ್ನುವುದು ನಮ್ಮ ರಾಗಿಯನ್ನೇ. ಬಸ್ಸಿನಲ್ಲಿ ಬಾಡಿದ್ದ ಅಮ್ಮನ ಮುಖ ಆಗ ಅರಳಿತು. ಮುದ್ದೆಯನ್ನು ನಮ್ಮಂತೆ ಉಂಡೆ ಕಟ್ಟುವುದಿಲ್ಲ, ಸ್ವಲ್ಪ ಸಡಿಲವಾಗಿ ಬಟ್ಟಲಿನಿಂದ ಮಗುಚುತ್ತಾರೆ, ಮೇಲೊಂದು ಚಮಚ ತುಪ್ಪ. ಜೊತೆಗೆ ದಾಲ್, ಪಲ್ಯ, ಮೂಲಂಗಿ ಉಪ್ಪಿನಕಾಯಿ, ಮತ್ತೆ ಗುಂದ್ರುಕ್: ಸೊಪ್ಪನ್ನು ಹುಳಿಬರಿಸಿ ಒಣಗಿಸಿ ಮಾಡಿದ ಸಾರು. ಆ ಹುಳಿ ನಾಲಿಗೆಗೆ ಹೊಸದು, ಆದರೆ ಮುದ್ದೆ ಮುರಿದು ಅದರಲ್ಲಿ ಅದ್ದಿ ಅಗಿಯದೆ ನುಂಗುವ ಕ್ರಮ ಮಂಡ್ಯದವರಿಗೆ ಯಾರೂ ಕಲಿಸಬೇಕಾಗಿಲ್ಲ. ಬಟ್ಟಲು ಬರಿದಾಗುವ ಮೊದಲೇ ದಾಲ್, ಪಲ್ಯ ಮತ್ತೆ ಬಂದು ಬೀಳುತ್ತದೆ, ಅದಕ್ಕೆ ಬೇರೆ ಹಣವಿಲ್ಲ. ಒಂದು ಊಟಕ್ಕೆ 350 ನೇಪಾಳಿ ರೂಪಾಯಿ, ನಮ್ಮ ಸುಮಾರು 220. ಸರೋವರದ ದಂಡೆಯಲ್ಲಿ ಅಷ್ಟು ಹಣಕ್ಕೆ ಒಂದು ಲೋಟ ಕಾಫಿ, ಒಂದು ತುಂಡು ಕೇಕು ಬಂದಿತ್ತು. ಅಮ್ಮ ಕೊನೆಯ ದಿನ ಒಲೆಯ ಬಳಿ ತಾವೇ ಕುಳಿತು, ಗಂಟಿಲ್ಲದೆ ಗಟ್ಟಿಯಾಗಿ ತಿರುವುವುದನ್ನು ಆಕೆಗೆ ತೋರಿಸಿಕೊಟ್ಟರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುತ್ತಿರಲಿಲ್ಲ. ಪೋಖರಾದ ನೆನಪೆಂದರೆ ನನಗೆ ಮೊದಲು ಬರುವುದು ಅದೇ.

ಶನಿವಾರ ನೇಪಾಳದಲ್ಲಿ ವಾರದ ರಜೆ. ಅಂದು ಸರೋವರದ ನಡುವಿನ ತಾಲ್ ಬಾರಾಹಿ ಗುಡಿಗೆ ಹೋಗಬೇಡಿ, ದೋಣಿಗೇ ಸಾಲು ನಿಲ್ಲಬೇಕು. ಗುಪ್ತೇಶ್ವರ ಗುಹೆಯ ಮೆಟ್ಟಿಲುಗಳು ತೇವ, ಮಂಡಿನೋವಿನವರಿಗೆ ಬೇಡ. ಸರೋವರದ ಆಚೆಯ ಗುಡ್ಡದ ಮೇಲಿನ ಶಾಂತಿ ಸ್ತೂಪಕ್ಕೆ ದೋಣಿಯಲ್ಲಿ ದಾಟಿ ಕಾಡಿನ ದಾರಿಯಲ್ಲಿ ಹತ್ತುವುದು ಚೆಂದ; ಮಳೆಗಾಲದಲ್ಲಿ ಮಲೆನಾಡಿನ ಹಾಗೆ ಇಂಬಳ. ಉಣ್ಣೆಯ ಬಟ್ಟೆಗಳನ್ನು ಹೊತ್ತು ಹೋಗಬೇಡಿ. ಹಿಮಾಲಯದ ಊರಾದರೂ ಪೋಖರಾ ಬೆಂಗಳೂರಿಗಿಂತ ತಗ್ಗಿನಲ್ಲಿದೆ.

ಒಂದು ದಿನ ಉಳಿದರೆ ಬೇಗ್ನಾಸ್ ಸರೋವರಕ್ಕೆ ಕೊಡಿ. ಊರಿನ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್, ಊರ ಬಸ್ಸೇ ಹೋಗುತ್ತದೆ. ನಮ್ಮ ದೋಣಿ ಬಿಟ್ಟರೆ ನೀರಿನ ಮೇಲೆ ಇನ್ನೆರಡೇ ಇದ್ದವು.

ಹಿಂದಿರುಗುವಾಗ ಕಾಠ್ಮಂಡುವಿಗೆ ವಿಮಾನ ಹಿಡಿದೆವು. ಅರ್ಧ ಗಂಟೆಯೂ ಆಗಲಿಲ್ಲ. ಎಡಗಡೆಯ ಕಿಟಕಿ ಕೇಳಿ ಪಡೆಯಿರಿ. ಅಮ್ಮ ಅದರಿಂದ ಮುಖ ತಿರುಗಿಸಲೇ ಇಲ್ಲ.