ಬೆಕ್ಕಿಗೆ ಆಂಟಿಬಯಾಟಿಕ್: ವಾಂತಿ ಆಯ್ತು ಅಂದರೆ ಮೊದಲು ಕೇಳಬೇಕಾದದ್ದು

ಆಂಟಿಬಯಾಟಿಕ್ ಶುರುವಾಗಿ ಎರಡು ದಿನಕ್ಕೆ ಕ್ಲಿನಿಕ್‌ಗೆ ಫೋನ್ ಬರುತ್ತದೆ: "ಬೆಕ್ಕು ವಾಂತಿ ಮಾಡ್ತಿದೆ, ಬೇರೆ ಔಷಧಿ ಬರ್ಕೊಡ್ತೀರಾ?" ಬದಲಾಯಿಸುವ ಮಾತು ಆಮೇಲೆ. ಫೋನ್ ಎತ್ತಿದವರು ಮೊದಲು ಕೇಳಬೇಕಾದದ್ದು, ಔಷಧಿ ಹೇಗೆ ಹಾಕಿದಿರಿ ಅಂತ. ಬರಿಹೊಟ್ಟೆಗಾ? ಎಷ್ಟು, ಯಾವುದರಲ್ಲಿ ಅಳೆದು? ಮೇಲೆ ನೀರು ಕುಡಿಸಿದಿರಾ?

ಬಾಯಲ್ಲಿ ನೊರೆ ಬಂದರೆ ಅದು ವಾಂತಿಯಲ್ಲ. ಮೆಟ್ರೊನಿಡಜೋಲ್ ವಿಪರೀತ ಕಹಿ. ಕತ್ತರಿಸಿದ ಮಾತ್ರೆಯ ಪುಡಿ ನಾಲಿಗೆಗೆ ತಾಗಿದರೂ ಬೆಕ್ಕು ಜೊಲ್ಲು ಸುರಿಸಿ, ತಲೆ ಕೊಡವಿ ಮನೆಯವರನ್ನು ಹೆದರಿಸಿಬಿಡುತ್ತದೆ. ಆ ತುಂಡನ್ನು ಖಾಲಿ ಜೆಲಾಟಿನ್ ಕ್ಯಾಪ್ಸೂಲಿಗೆ ತುಂಬಿ ಹಾಕಿದರೆ ಈ ರಗಳೆ ಇರುವುದಿಲ್ಲ. ಆದರೆ ಇದೇ ಔಷಧಿಯಲ್ಲಿ ಬೆಕ್ಕು ತೂರಾಡಿದರೆ, ನಡುಗಿದರೆ ಅದು ಹೊಟ್ಟೆಯ ವಿಷಯವಲ್ಲ. ಔಷಧಿ ನರಗಳಿಗೆ ತಾಗಿರಬಹುದು, ಮುಂದಿನ ಡೋಸ್ ಹಾಕದೆ ಕೂಡಲೇ ಕರೆತರಬೇಕು.

ಹೊಟ್ಟೆ ಕೆಡಿಸುವುದರಲ್ಲಿ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಹೆಸರುವಾಸಿ. ಕ್ಲಾವುಲನೇಟ್ ಭಾಗವೇ ಹೆಚ್ಚು ತೊಂದರೆ ಕೊಡುವುದು. ಅರ್ಧ ಊಟ ತಿನ್ನಿಸಿ, ಔಷಧಿ ಹಾಕಿ, ಉಳಿದರ್ಧ ಕೊಡಿ ಎಂದು ಹೇಳಿಕೊಟ್ಟರೆ ಬಹಳಷ್ಟು ಬೆಕ್ಕುಗಳು ಅಲ್ಲಿಗೇ ಸುಧಾರಿಸುತ್ತವೆ. ಇನ್ನೊಂದು ದೊಡ್ಡ ತಪ್ಪು ಅಳತೆಯದು. ಸಾಮಾನ್ಯ ಡೋಸ್ ಕಿಲೋಗೆ 12.5 ಮಿ.ಗ್ರಾಂ., 12 ಗಂಟೆಗೊಮ್ಮೆ. 4 ಕಿಲೋ ಬೆಕ್ಕಿಗೆ 50 ಮಿ.ಗ್ರಾಂ. ಮಕ್ಕಳ ಡ್ರೈ ಸಿರಪ್ಪಿನಲ್ಲಿ 5 ಮಿ.ಲೀ.ಗೆ 228.5 ಮಿ.ಗ್ರಾಂ. ಇರುತ್ತದೆ. ಅಂದರೆ ಬೇಕಾದದ್ದು 1.1 ಮಿ.ಲೀ. "ಒಂದು ಚಮಚ" ಅಂತ ಹಾಕಿದರೆ ನಾಲ್ಕೂವರೆ ಪಟ್ಟು ಹೋಯಿತು, ಹೊಟ್ಟೆ ಕೆಡದೆ ಇನ್ನೇನು? ಚೀಟಿಯಲ್ಲಿ ಮಿ.ಲೀ. ಬರೆದು, ಸೂಜಿ ತೆಗೆದ 2 ಮಿ.ಲೀ. ಸಿರಿಂಜಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದೇ ಕೊಡಬೇಕು. ಬೆಕ್ಕಿನ ಮಾತ್ರೆ 62.5, ಮನುಷ್ಯರದು 625. ಚುಕ್ಕೆ ಸಣ್ಣದಾಗಿ ಬಿದ್ದರೆ ಮೆಡಿಕಲ್ ಶಾಪಿನವರು 625 ಕೊಟ್ಟಾರು, ಹಾಗಾಗಿ "ಅರವತ್ತೆರಡೂವರೆ" ಎಂದು ಅಕ್ಷರದಲ್ಲೂ ಬರೆಯುವುದು ಲೇಸು.

ಡಾಕ್ಸಿಸೈಕ್ಲಿನ್‌ನ ಕಥೆ ಬೇರೆ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲೇ ನಿಂತುಬಿಡುತ್ತದೆ. ನಿಂತ ಜಾಗ ಸುಟ್ಟು ಹುಣ್ಣಾಗಿ, ಮುಂದೆ ನಾಳ ಕಿರಿದಾಗಲೂಬಹುದು. ಹಾಗಾದ ಬೆಕ್ಕು ತಿಂದದ್ದನ್ನು ಹೊಟ್ಟೆ ಹಿಂಡದೆ, ಜೀರ್ಣವಾಗದ ಹಾಗೇ ಉಗುಳುತ್ತದೆ. ಮನೆಯವರು ಅದನ್ನೂ ವಾಂತಿ ಅಂತಲೇ ಹೇಳುತ್ತಾರೆ, ನಾವು ಬಿಡಿಸಿ ಕೇಳಬೇಕು. ಮಾತ್ರೆಯ ಬೆನ್ನಿಗೇ 5–6 ಮಿ.ಲೀ. ನೀರನ್ನು ಕೆನ್ನೆಯ ಸಂದಿಯಿಂದ ನಿಧಾನವಾಗಿ ಬಿಡಬೇಕು, ಇಲ್ಲವೇ ಒಂದು ತುತ್ತು ತಿನ್ನಿಸಬೇಕು. ಕ್ಲಿಂಡಾಮೈಸಿನ್ ಕ್ಯಾಪ್ಸೂಲಿಗೂ ಇದೇ ನಿಯಮ. ನಮ್ಮ ಮನೆಗಳಲ್ಲಿ ಏನನ್ನೇ ಆದರೂ ಹಾಲಲ್ಲೋ ಮೊಸರನ್ನದಲ್ಲೋ ಕಲೆಸುವ ರೂಢಿ. ಡಾಕ್ಸಿಸೈಕ್ಲಿನ್‌ಗೆ ಅದು ಬೇಡ: ಕ್ಯಾಲ್ಸಿಯಂ ಔಷಧಿಯನ್ನು ಹಿಡಿದುಕೊಂಡು ಮೈಗೆ ಪೂರ್ತಿ ಸೇರದಂತೆ ಮಾಡುತ್ತದೆ. ಸಾಲದ್ದಕ್ಕೆ ದೊಡ್ಡ ಬೆಕ್ಕುಗಳಿಗೆ ಹಾಲೇ ಭೇದಿ ಹಿಡಿಸುವುದುಂಟು, ಅಪವಾದ ಮಾತ್ರೆಯ ಮೇಲೆ.

ಕೊಟ್ಟ ರೀತಿ ಸರಿಯಿದ್ದೂ ಭೇದಿಯಾದರೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತಿವೆ ಎಂದುಕೊಳ್ಳಬಹುದು. ಆಗ ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯದು ಮಾಡುವ ಜೀವಾಣು) ಕೊಡುವುದುಂಟು. ಅವುಗಳಲ್ಲಿ ಸ್ಯಾಕರೊಮೈಸಿಸ್ ಬೌಲಾರ್ಡಿ ಯೀಸ್ಟ್ ಜಾತಿಯದು, ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಗೆ ಅದು ಸಾಯುವುದಿಲ್ಲ. ಬೇರೆ ಪ್ರೊಬಯಾಟಿಕ್ ಆದರೆ ಆಂಟಿಬಯಾಟಿಕ್‌ನಿಂದ ಎರಡು ಗಂಟೆ ದೂರವಿಡಿ. ಚರ್ಮ ತೆಗೆದು ಬೇಯಿಸಿದ ಕೋಳಿಯನ್ನು ದಿನಕ್ಕೆ ನಾಲ್ಕೈದು ಸಲ, ಸ್ವಲ್ಪಸ್ವಲ್ಪವೇ ಕೊಡಿಸಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ತುಂಡು ಕೂಡದು, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮನೆಯಲ್ಲಿರುವ, ಭೇದಿ ನಿಲ್ಲಿಸುವ ಮಾತ್ರೆ ಬೇಡ; ಮೈ ಬಿಸಿಯಿದೆ ಅಂತ ಪ್ಯಾರಾಸಿಟಮಾಲ್ ಹಾಕಿದರಂತೂ ಬೆಕ್ಕು ಸತ್ತೇಹೋಗಬಹುದು.

ವಾಂತಿಯಲ್ಲಿ ಮಾತ್ರೆ ಕಂಡರೂ ಕೇಳದೆ ಇನ್ನೊಂದು ಹಾಕಬಾರದು. ದಿನದಲ್ಲಿ ಮೂರು ಸಲ ವಾಂತಿ, ಮಲದಲ್ಲಿ ರಕ್ತ, ಒಸಡು ಒಣಗಿ ಅಂಟಂಟು, ಪೂರ್ತಿ ಒಂದು ದಿನ ಊಟ ಬಿಟ್ಟದ್ದು, ಇವುಗಳಲ್ಲಿ ಒಂದಿದ್ದರೂ ಫೋನಿನಲ್ಲಿ ಸಲಹೆ ಸಾಲದು, ಕರೆತರಲಿ. ಮರಿಯಾದರೆ ಅಷ್ಟೂ ಕಾಯುವುದು ಬೇಡ. ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ಮೂಲ ಸೋಂಕಿಗಿಂತ ಅದೇ ದೊಡ್ಡ ಕಾಯಿಲೆಯಾಗಿ ನಿಲ್ಲುತ್ತದೆ.

"ಮಾತ್ರೆ ಸಹವಾಸವೇ ಬೇಡ, ಇಂಜೆಕ್ಷನ್ ಹಾಕಿಬಿಡಿ" ಅನ್ನುವವರಿದ್ದಾರೆ. ಸೆಫೊವೆಸಿನ್ ಒಂದು ಚುಚ್ಚಿದರೆ ಸುಮಾರು 14 ದಿನ ಕೆಲಸ ಮಾಡುತ್ತದೆ, ಮಾತ್ರೆ ಹಾಕಗೊಡದ ಬೆಕ್ಕಿಗೆ ಅನುಕೂಲವೇ. ಅದರಲ್ಲೂ ವಾಂತಿ ಭೇದಿ ಆಗುವುದುಂಟು. ಮಾತ್ರೆಯನ್ನಾದರೆ ನಾಳೆಯಿಂದ ನಿಲ್ಲಿಸಬಹುದು, ಇದು ವಾರಗಟ್ಟಲೆ ಮೈಯಲ್ಲೇ ಇರುತ್ತದೆ. ಇಷ್ಟನ್ನು ಚುಚ್ಚುವ ಮೊದಲೇ ಅವರಿಗೆ ಹೇಳಿರಬೇಕು.