ಹೂಮಳೆ, 62 ಸೆಂಟ್ಸ್

16 ಮಾರ್ಚ್ 2025, ಭಾನುವಾರ
ಸುಂಟಿಕೊಪ್ಪ

ರಾತ್ರಿ ಎರಡು ಗಂಟೆ ಹೊತ್ತಿಗೆ ಕಣದ ಶೆಡ್ಡಿನ ಶೀಟಿನ ಮೇಲೆ ಹನಿ ಬೀಳುವ ಸದ್ದು ಕೇಳಿಸಿತು. ಎಚ್ಚರವಾಗಿಯೇ ಇದ್ದೆ. ಈಗೀಗ ನಿದ್ದೆ ಕಡಿಮೆ. ಹೂಮಳೆ! ಕಾಫಿ ಮೊಗ್ಗು ಅರಳಿಸುವ ಮಳೆ. ಹೆಂಡತಿಯನ್ನು ಎಬ್ಬಿಸಬೇಕು ಅನ್ನಿಸಿತು, ಪಾಪ ಅಂತ ಬಿಟ್ಟೆ. ಇಬ್ಬರ ಕೆಲಸ ಒಬ್ಬಳೇ ಮಾಡುತ್ತಿದ್ದಾಳೆ.

ಬೆಳಿಗ್ಗೆ ಎಂಟಕ್ಕೆ ರೈನ್ ಗೇಜ್ ನೋಡಿ ಪುಸ್ತಕದಲ್ಲಿ ಬರೆಯುವುದು ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಬಂದಿರುವ ಕೆಲಸ. ಕೊಡಗಿನಲ್ಲಿ ತೋಟದವರು ಇಬ್ಬರು ಸಿಕ್ಕರೆ ಮೊದಲು ಕೇಳುವುದೇ 'ನಿಮ್ಮಲ್ಲಿ ಎಷ್ಟು ಬಿತ್ತು?' ಅಂತ ಅಲ್ವಾ. ಇವತ್ತೂ ಅಭ್ಯಾಸಬಲದಲ್ಲಿ ಅಂಗಳಕ್ಕೆ ಹೋಗಿ ಕೈ ಹಾಕಿದೆ. ತಣ್ಣನೆ ತಗಡು ತಾಗಿದ ಕೂಡಲೇ ಬೆರಳಿಗೆ ಕರೆಂಟ್ ಹೊಡೆದ ಹಾಗಾಯಿತು. ನನ್ನ ಕ್ಯಾನ್ಸರ್‌ಗೆ ಕೀಮೋದಲ್ಲಿ ಕೊಡುವ ಆಕ್ಸಾಲಿಪ್ಲಾಟಿನ್ ಅನ್ನುವ ಔಷಧಿ ನರಗಳಿಗೆ ಹಾಗೆ ಮಾಡುತ್ತದೆ. ತಣ್ಣೀರು ಮುಟ್ಟಬಾರದು, ತಣ್ಣನೆಯದು ಕುಡಿದರೆ ಗಂಟಲು ಬಿಗಿದುಕೊಳ್ಳುತ್ತದೆ. ಮೊದಲ ಸಲ ನಾಲ್ಕೈದು ದಿನಕ್ಕೆ ಹೋಗಿತ್ತು. ಈ ಸಲ ಹದಿನಾರು ದಿನವಾದರೂ ಬೆರಳ ತುದಿಯಲ್ಲಿ ಉಳಿದುಕೊಂಡಿದೆ.

"ಅಪ್ಪಾ, ಬಿಡಿ, ನಾನು ನೋಡ್ತೀನಿ" ಅಂತ ಮಗಳು ಓಡಿ ಬಂದಳು. ಅಳತೆ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಥೇಟ್ ನನ್ನ ಅಪ್ಪ ನೋಡುತ್ತಿದ್ದ ಹಾಗೆ. ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ.

"ಅರವತ್ತೆರಡು ಸೆಂಟ್ಸ್. ಸಾಕಾಗುತ್ತಾ?"

ಸಾಕಾಗುವುದಿಲ್ಲ. ರೊಬಸ್ಟಾ ಕಾಫಿಗೆ ಒಂದು ಇಂಚಾದರೂ, ಅಂದರೆ ನೂರು ಸೆಂಟ್ಸ್, ಬೇಕು. ಅರ್ಧಂಬರ್ಧ ನೆನೆದರೆ ಮೊಗ್ಗು ಸರಿಯಾಗಿ ಬಿರಿಯುವುದಿಲ್ಲ, ಕಾಯಿ ಕಚ್ಚುವುದಿಲ್ಲ. ಬಾಕಿಯನ್ನು ಸ್ಪ್ರಿಂಕ್ಲರ್‌ನಲ್ಲಿ ಕೊಡಬೇಕು, ಅದೂ ಬೇಗ. ನಾನು ಬಾಯಿ ತೆಗೆಯುವ ಮೊದಲೇ ಅವಳು ಅಮ್ಮನಿಗೆ ಕೂಗಿ ಹೇಳಿದಳು, "ಇವತ್ತೇ ಮೋಟರ್ ಹಾಕಬೇಕಂತೆ!"

ಇನ್ನು ಐದು ದಿನಕ್ಕೆ, 21ನೇ ತಾರೀಕು ಶುಕ್ರವಾರ, ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರು. ಮೊದಲನೆಯದು ಪ್ರಥಮ ಭಾಷೆ. ಅದೇ ದಿನ ಮೈಸೂರಿನಲ್ಲಿ ನನ್ನ ಐದನೇ ಕೀಮೋ. ಒಟ್ಟು ಎಂಟು, ಮೂರು ವಾರಕ್ಕೊಂದು. ಮೊದಲ ದಿನ ಪರೀಕ್ಷಾ ಕೇಂದ್ರದ ಗೇಟಿನವರೆಗೆ ನಾನೇ ಬಿಡಬೇಕು ಅನ್ನುವ ಆಸೆ ನನಗೆ. ಡಾಕ್ಟರನ್ನು ಕೇಳಿದೆ, ಸೋಮವಾರಕ್ಕೆ ಹಾಕಬಹುದು, ತೊಂದರೆಯಿಲ್ಲ ಅಂದರು. ಒಪ್ಪದವಳು ಮಗಳೇ. "ನನಗೋಸ್ಕರ ಒಂದು ದಿನವೂ ಮುಂದೆ ಹಾಕಬೇಡಿ" ಅಂದಳು. ಈ ಮಾತು ಕೇಳಿ ಖುಷಿಪಡಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹದಿನೈದು ವರ್ಷದ ಮಗು ಆಡುವ ಮಾತಲ್ಲ ಅದು.

ಮೊದಲು ನಾನು ಮಕ್ಕಳಿಗೆ ಸುಳ್ಳು ಹೇಳಿದ್ದೆ. ಆಗಸ್ಟ್ ಮಳೆಯಲ್ಲಿ ಮಲದ ಜೊತೆ ರಕ್ತ ಕಂಡಾಗ ಮೂಲವ್ಯಾಧಿ ಅಂದುಕೊಂಡು ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಎರಡು ತಿಂಗಳು ಕಳೆದೆ. ಅಕ್ಟೋಬರ್‌ನಲ್ಲಿ ತೋಟದ ಏರು ಹತ್ತಲಾರದೆ ಕೂತುಬಿಟ್ಟೆ. ಹಿಮೋಗ್ಲೋಬಿನ್ ಎಂಟಕ್ಕಿಂತ ಕೆಳಗಿತ್ತು. ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಕೊಲೊನೋಸ್ಕೋಪಿ ಮಾಡಿದರು, ದೊಡ್ಡ ಕರುಳಿನ ಕ್ಯಾನ್ಸರ್. ನವೆಂಬರ್‌ನಲ್ಲಿ ಆಪರೇಷನ್. ಕರುಳಿನ ಜೊತೆ ತೆಗೆದ ದುಗ್ಧಗ್ರಂಥಿಗಳಲ್ಲಿ ಮೂರಕ್ಕೆ ಹರಡಿತ್ತು, ಅಂದರೆ ಮೂರನೇ ಹಂತ. ಓದುತ್ತಿರುವವರಲ್ಲಿ ಯಾರಿಗಾದರೂ ಹೀಗೆ ರಕ್ತ ಕಂಡರೆ ದಯವಿಟ್ಟು ನನ್ನ ಹಾಗೆ ಕಾಯಬೇಡಿ.

ಮಕ್ಕಳಿಗೆ 'ಕರುಳಲ್ಲಿ ಗಂಟು, ತೆಗೆದಾಯ್ತು' ಅಂತ ಮಾತ್ರ ಹೇಳಿದ್ದೆವು. ಜನವರಿಯಲ್ಲಿ, ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ, ಆಸ್ಪತ್ರೆಯ ಫೈಲು ಮೇಜಿನ ಮೇಲೇ ಉಳಿದಿತ್ತು. ಮಗಳು ಓದಿದ್ದಾಳೆ. ನನ್ನನ್ನು ಏನೂ ಕೇಳಲಿಲ್ಲ. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ, ಅಷ್ಟೇ. ಅವಳು ಒಬ್ಬಳೇ ಅದನ್ನು ಹೊತ್ತುಕೊಂಡಿದ್ದ ಆ ಮೂರು ದಿನ ನನಗೆ ಕೀಮೋಗಿಂತ ಜಾಸ್ತಿ ನೋವು ಕೊಟ್ಟಿದೆ. ಮರೆಮಾಡಿದರೆ ಕಾಪಾಡಿದ ಹಾಗೆ ಅಂದುಕೊಂಡಿದ್ದೆ. ಆಮೇಲೆ ಕಣದ ಕಟ್ಟೆಯ ಮೇಲೆ ಇಬ್ಬರೂ ಕೂತು ಎಲ್ಲ ಮಾತಾಡಿದೆವು. "ಸತ್ತು ಹೋಗ್ತೀರಾ?" ಅಂತ ನೇರವಾಗಿ ಕೇಳಿದಳು. ಗುಣ ಆಗಲಿ ಅಂತಲೇ ಈ ಚಿಕಿತ್ಸೆ, ಆದರೆ ಖಾತ್ರಿ ಯಾರೂ ಕೊಟ್ಟಿಲ್ಲ ಅಂದೆ. ಕೈ ಹಿಡಿದುಕೊಂಡಳು. ಮಗನಿಗೆ ಇನ್ನೂ ಒಂಬತ್ತು. ಕ್ಯಾನ್ಸರ್ ಅನ್ನುವ ಹೆಸರು ಅವನಿಗೂ ಹೇಳಿದ್ದೇವೆ, ಅವನು ಕೇಳಿದಷ್ಟಕ್ಕೆ ಉತ್ತರ.

ಮಧ್ಯಾಹ್ನ ಅಪ್ಪನ ಹಳೆಯ ಮಳೆ ಪುಸ್ತಕ ತೆಗೆದೆ. ಜುಲೈ 1977, ನಾನು ಹುಟ್ಟಿದ ದಿನ: "3.40. ಗಂಡು ಮಗು." ಬೇರೆ ಒಂದಕ್ಷರ ಇಲ್ಲ. ಅಪ್ಪನಿಗೆ ಆ ದಿನ ಏನನ್ನಿಸಿತ್ತು ಅಂತ ಕೇಳಲು ಈಗ ಅಪ್ಪ ಇಲ್ಲ. ಆಮೇಲೆ ನನ್ನ ಪುಸ್ತಕ ನೋಡಿದೆ. ಅಕ್ಟೋಬರ್ 2009: "ಮಳೆ ಇಲ್ಲ. ಹೆಣ್ಣು ಮಗು." ನಾನೂ ಅಷ್ಟೇ ಬರೆದಿದ್ದೇನೆ. ಅವತ್ತು ಟವೆಲ್ಲಿನಲ್ಲಿ ಸುತ್ತಿದ್ದ ಆ ಪುಟ್ಟ ಮುಖ ನೋಡಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಅದೂ ಆ ಪುಸ್ತಕದಲ್ಲಿ ಇರಬೇಕಿತ್ತು. ಇವತ್ತು ಪಕ್ಕದಲ್ಲಿ ಬರೆದೆ.

ಕೊನೆಯ ಹಾಳೆಯಲ್ಲಿ ಇನ್ನೂ ಎರಡು ಸಾಲು ಬರೆದೆ. ಅಪ್ಪನಿಗೋ ಅಮ್ಮನಿಗೋ ಈ ಕಾಯಿಲೆ ಬಂದಿದ್ದರೆ, ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇಲ್ಲವೇ ನಲವತ್ತಕ್ಕೆ, ಯಾವುದು ಮೊದಲೋ ಆಗ ಮಕ್ಕಳು ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು. ನನಗೆ ಬಂದಿದ್ದು 47ಕ್ಕೆ. ಹಾಗಾಗಿ ಅವರಿಗೆ 37. ಮಗಳು, 2046. ಮಗ, 2052. ಆಗ ನಾನಿದ್ದರೆ ನಾನೇ ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ. ಇಲ್ಲದಿದ್ದರೆ ಈ ಹಾಳೆ ಇರಲಿ. ಹೆಂಡತಿಗೂ ತೋರಿಸಿದೆ. ಓದಿ, ಏನೂ ಹೇಳದೆ ತಲೆ ಸವರಿ ಹೋದಳು. ಕೂದಲು ಪೂರ್ತಿ ಉದುರಿಲ್ಲ, ತೆಳ್ಳಗಾಗಿದೆ.

ಸಂಜೆ ತೋಟದಿಂದ ಸ್ಪ್ರಿಂಕ್ಲರ್ ಸದ್ದು ಬರುತ್ತಿತ್ತು. ಇನ್ನು ಎಂಟು ಹತ್ತು ದಿನಕ್ಕೆ ಗಿಡಗಳೆಲ್ಲ ಬೆಳ್ಳಗಾಗುತ್ತವೆ, ಮನೆಯೊಳಗೂ ಆ ವಾಸನೆ ತುಂಬುತ್ತದೆ. ಅಷ್ಟು ಹೊತ್ತಿಗೆ ಐದನೇದೂ ಮುಗಿದಿರುತ್ತದೆ.

ಮಲಗುವ ಮೊದಲು ಪುಸ್ತಕ ಎತ್ತಿಡಲು ಹೋದೆ. ಇವತ್ತಿನ ಸಾಲಿನಲ್ಲಿ ಮಗಳ ದುಂಡು ಅಕ್ಷರ:

"0.62. ಅಪ್ಪ ಎರಡು ಅಕ್ಕಿರೊಟ್ಟಿ ತಿಂದರು."