ಮ್ಯಾಗ್ನೆಟ್ ತೆಗೆದ ಮೇಲೆ ಗೊತ್ತಾದ ಗ್ರಿಪ್

ಹೋದ ನವೆಂಬರ್‌ನಲ್ಲಿ ಒಂದು ಶನಿವಾರ, ಇಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಬೆಳಗ್ಗೆಯಿಂದ ಬಿಡದೆ ಮಳೆ, ಮಗಳೂ ನಾನೂ ಹಾಲ್‌ನಲ್ಲಿ ಸ್ಕೇಲೆಕ್ಸ್‌ಟ್ರಿಕ್ ಟ್ರ್ಯಾಕ್ ಜೋಡಿಸ್ಕೊಂಡು ಕೂತ್ವಿ, ಅಂದ್ರೆ ಪ್ಲಾಸ್ಟಿಕ್ ಟ್ರ್ಯಾಕ್‌ನ ಸೀಳಲ್ಲಿ ಕರೆಂಟ್‌ನಿಂದ ಓಡೋ ಪುಟ್ಟ ರೇಸ್ ಕಾರುಗಳ ಆಟ. ಸೆಟ್ ಹಳೇದು, ಸೆಕೆಂಡ್ ಹ್ಯಾಂಡ್. ಈ ಆಟಾನ 1957ರಲ್ಲಿ ಶುರು ಮಾಡಿದ ಫ್ರೆಡ್ ಫ್ರಾನ್ಸಿಸ್ ಅವರ ಫ್ಯಾಕ್ಟರಿ ನಮ್ಮೂರಿನ ಪಕ್ಕದ ಹ್ಯಾವಂಟ್‌ನಲ್ಲೇ ಇತ್ತು, ಅದಕ್ಕೇ ನಂಗೆ ಇದರ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ.

ಕಾರಿನ ಅಡಿ ಒಂದು ಮ್ಯಾಗ್ನೆಟ್ ಇರುತ್ತೆ, ಅದು ಟ್ರ್ಯಾಕ್‌ನ ಸ್ಟೀಲ್ ಪಟ್ಟಿಗೆ ಕಾರನ್ನ ಎಳೆದು ಹಿಡ್ಕೊಳ್ಳುತ್ತೆ. ಅವತ್ತು ಅದನ್ನ ಬಿಚ್ಚಿಟ್ವಿ, ಟೈರ್ ಮೇಲೆ ಓಡೋ ಕಾರು ಹೇಗಿರುತ್ತೆ ನೋಡ್ಬೇಕಿತ್ತು. ಓಡೋದಿರ್ಲಿ, ಮೊದಲನೇ ತಿರುವಲ್ಲೇ ಹಿಂಭಾಗ ಜಾರಿ ಗಿರ್ರನೆ ತಿರುಗಿ ಸೋಫಾ ಕೆಳಗೆ ಹೋಯ್ತು. ಮಗಳ ಮುಖ ಸಣ್ಣದಾಯ್ತು.

ಬಿಳಿ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಟ್ರ್ಯಾಕ್ ಒರೆಸಿದೆ, ಬಟ್ಟೆ ಮಸಿ ಹಿಡಿದ ಪಾತ್ರೆ ಉಜ್ಜಿದ ಹಾಗೆ ಕಪ್ಪಾಯ್ತು. ದೋಸೆ ಕಾವಲಿಗೆ ಎಣ್ಣೆ ಜಾಸ್ತಿ ಆದ್ರೆ ಹಿಟ್ಟು ಹಿಡಿಯಲ್ವಲ್ಲ, ಪ್ಲಾಸ್ಟಿಕ್ ಮೇಲೆ ಧೂಳು, ಕೈಯ ಜಿಡ್ಡು ಕೂತ್ರೂ ಹಾಗೇನೇ, ಎಷ್ಟು ಒಳ್ಳೆ ರಬ್ಬರ್ ಆದ್ರೂ ಹಿಡಿಯಲ್ಲ. ಆಮೇಲೆ ಮಾಸ್ಕಿಂಗ್ ಟೇಪ್‌ನ ಅಂಟಿನ ಕಡೆ ಮೇಲೆ ಮಾಡಿ ಹಿಂದಿನ ಚಕ್ರ ನಾಲ್ಕೈದು ಸಲ ಉರುಳಿಸಿದ್ವಿ, ಕೂದಲು, ಕಾರ್ಪೆಟ್ ನೂಲು ಎಲ್ಲಾ ಟೇಪ್‌ಗೆ ಬಂತು. ಒಂದು ಲ್ಯಾಪ್, ಅಂದ್ರೆ ಟ್ರ್ಯಾಕ್‌ನ ಒಂದು ಪೂರ್ತಿ ಸುತ್ತು, 11 ಸೆಕೆಂಡ್ ಇದ್ದದ್ದು ಒಂಬತ್ತೂವರೆಗೆ ಇಳೀತು, ಆದ್ರೆ ತಿರುವಲ್ಲಿ ಕಾರು ಟರ್‌ಟರ್ ಅಂತ ಕುಣಿಯೋದು ಮಾತ್ರ ನಿಲ್ಲಲಿಲ್ಲ.

ಆ ಶಬ್ದ ಕೇಳೇ ಅನುಮಾನ ಬಂತು, ಟೈರ್ ದುಂಡಗೆ ಇಲ್ವೇನೋ ಅಂತ. ಟೈರ್ ಮೇಲೆ ಪೂರ್ತಿ ಬಿಳಿ ಮಾರ್ಕರ್ ಬಳಿದು ಎರಡು ಸುತ್ತು ಓಡಿಸಿದ್ರೆ ಒಳಗಿನ ಅಂಚಲ್ಲಿ ಮಾತ್ರ ಬಣ್ಣ ಅಳಿಸಿದೆ, ಮಿಕ್ಕಿದ್ದೆಲ್ಲ ಹಾಗೇ ಇದೆ! ಅಂದ್ರೆ ಅಷ್ಟಗಲ ಟೈರ್ ಇದ್ದೂ ನೆಲಕ್ಕೆ ತಾಕ್ತಿದ್ದದ್ದು ಒಂದು ದಾರದಷ್ಟು. ಮೊದಲು ಟೈರನ್ನ ರಿಮ್‌ಗೆ ಒಂದೊಂದು ತೊಟ್ಟು ಅಂಟು ಹಾಕಿ ಕೂರಿಸಿದೆ, ಇಲ್ಲಾಂದ್ರೆ ಒಳಗೇ ಜಾರುತ್ತೆ. ಅದು ಒಣಗಿದ ಮೇಲೆ ಟ್ರ್ಯಾಕ್‌ಗೆ ಮರಳು ಕಾಗದ ಅಂಟಿಸಿ, ಮಗಳು ಕಂಟ್ರೋಲರ್ ಒತ್ತಿದ್ಲು, ನಾನು ಕಾರನ್ನ ಹಿಡಿದು ಹಿಂದಿನ ಚಕ್ರ ಕಾಗದಕ್ಕೆ ತಾಕಿಯೂ ತಾಕದ ಹಾಗೆ ಇಟ್ಟೆ. ಇಲ್ಲಿ ಅವಸರ ಮಾಡ್ಬಾರ್ದು, ಒತ್ತಿದ್ರೆ ರಬ್ಬರ್ ಬಿಸಿಯಾಗಿ ಕಿತ್ತು ಬರುತ್ತೆ, ಮೋಟಾರೂ ಕಾಯುತ್ತೆ, ಹತ್ತು ಸೆಕೆಂಡ್ ಓಡಿಸಿ ಬಿಟ್ಟು ಮತ್ತೆ ಓಡಿಸ್ಬೇಕು. ಬಿಳಿ ಬಣ್ಣ ಎಲ್ಲಾ ಕಡೆ ಒಂದೇ ಸಮ ಹೋಗೋವರೆಗೆ ಮೊದಲು 240 ನಂಬರಿನ ಒರಟು ಕಾಗದ, ಕೊನೇಲಿ 400ರ ನಯವಾದ ಕಾಗದ. ಒಂದು ಗಂಟೆ ಮೇಲಾಯ್ತು, ಕಾಫಿ ಆರಿ ಹೋಗಿತ್ತು.

ಸಿಲಿಕೋನ್ ಟೈರ್ ಹಾಕಿದ್ರೆ ಇದೆಲ್ಲ ಬೇಡ ಅಂತಾರೆ. ಕ್ಲೀನಾದ ಪ್ಲಾಸ್ಟಿಕ್ ಮೇಲೆ ಅದು ಚೆನ್ನಾಗಿ ಹಿಡಿಯೋದು ನಿಜ, ಆದ್ರೆ ಧೂಳು ಕೂತ್ರೆ ಗ್ರಿಪ್ ಹೋಗುತ್ತೆ, ರಬ್ಬರ್ ಟೈರ್ ಓಡಿರೋ ಟ್ರ್ಯಾಕ್‌ನಲ್ಲಿ ಅದಕ್ಕೆ ಕಷ್ಟ. ನಂಗೆ ಇದ್ದ ಟೈರನ್ನೇ ಸರಿ ಮಾಡ್ಕೊಳ್ಳೋದು ಇಷ್ಟ.

ಮತ್ತೆ ಒರೆಸಿ, ಟೇಪ್ ಮೇಲೆ ಉರುಳಿಸಿ ಬಿಟ್ವಿ. ಟರ್‌ಟರ್ ಇಲ್ಲ, ಸುಯ್ ಅಂತ ಒಂದೇ ಸಮ ಶಬ್ದ, ಅದೇ ಮೊದಲನೇ ತಿರುವಲ್ಲಿ ಹಿಂಭಾಗ ಒಂಚೂರು ಹೊರಗೆ ಹೋಗಿ ತಾನಾಗೇ ಸರಿಯಾಯ್ತು. 8.6 ಸೆಕೆಂಡ್. ಮಗಳು ಕಂಟ್ರೋಲರ್ ಬಿಡದೆ ಇನ್ನೊಂದು ಲ್ಯಾಪ್ ಅಂದ್ಲು, ಆಮೇಲೆ ಇನ್ನೊಂದು, ಮಳೆ ಯಾವಾಗ ನಿಂತ್ತೋ ಇಬ್ರಿಗೂ ಗೊತ್ತಾಗ್ಲಿಲ್ಲ.